ಅಪ್ಪನ ಅಡಿಕೆ ದುಡ್ಡಿಗೆ 148ಎ ನೋಟಿಸ್: ಉತ್ತರ ಕೊಡೋದೋ, ನೇರ ಹೈಕೋರ್ಟಿಗೆ ಹೋಗೋದೋ?

ಕೇಳಿದವರು: ಊರು ಸಾಗರ ತಾಲೂಕು, ಈಗ ಬೆಂಗಳೂರು (29 ಮಾರ್ಚ್ 2025)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ನಾಲ್ಕೂವರೆ ಎಕರೆ ಅಡಿಕೆ ತೋಟ, ಸೊಸೈಟಿ ಠೇವಣಿಯ ಸ್ವಲ್ಪ ಬಡ್ಡಿ, ಅಷ್ಟೇ ಆದಾಯ. ಜೀವನದಲ್ಲಿ ರಿಟರ್ನ್ ಹಾಕಿದವರಲ್ಲ. ಪ್ಯಾನ್ ಮಾಡಿಸುವಾಗ ನನ್ನ ಇಮೇಲ್ ಕೊಟ್ಟಿದ್ದೆ. 26ನೇ ತಾರೀಕು ಅದಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಒಂದು ನೋಟಿಸ್ ಬಂದಿದೆ, ಸೆಕ್ಷನ್ 148ಎ(1) ಅಂತ. 2021-22ರ ಅಸೆಸ್‌ಮೆಂಟ್ ವರ್ಷದಲ್ಲಿ ಉಳಿತಾಯ ಖಾತೆಗೆ 18,60,000 ರೂಪಾಯಿ ನಗದು ಜಮಾ ಆಗಿದೆ, ರಿಟರ್ನ್ ಹಾಕಿಲ್ಲ, ಕೇಸ್ ಯಾಕೆ ರೀಓಪನ್ ಮಾಡಬಾರದು ಹೇಳಿ, ಏಪ್ರಿಲ್ 9 ಕಡೆ ದಿನ.

ವಿಚಿತ್ರ ಅಂದ್ರೆ, 2021-22ರ ಪಾಸ್‌ಬುಕ್ ಇಡೀ ತಡಕಾಡಿದರೂ ನಗದು ಜಮಾ ನಾಲ್ಕು ಲಕ್ಷ ದಾಟಿಲ್ಲ! ಯಾರದ್ದೋ ಲೆಕ್ಕ ಅಪ್ಪನ ತಲೆಗೆ ಕಟ್ಟಿದ್ದಾರಾ? ಆಫೀಸಿನಲ್ಲಿ ಒಬ್ಬರು, "ಉತ್ತರ ಕೊಡಬೇಡ, ಕೇಸ್ ತೆರೆಯೋಕೆ ಅವರ ಹತ್ರ ಇರೋ ಕಾರಣ, ಅಂದ್ರೆ ರೀಸನ್ ಟು ಬಿಲೀವ್ ಕೇಳು, ಕೊಡದಿದ್ದರೆ ನೇರ ಹೈಕೋರ್ಟಿಗೆ ಹೋಗು, ನೋಟಿಸ್ ಬಿದ್ದುಹೋಗುತ್ತೆ" ಅಂತಿದ್ದಾರೆ. ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. "ನಾನೇನು ಕದ್ದಿದ್ನಾ?" ಅನ್ನೋದು ಒಂದೇ ಮಾತು. ಈ ದಾರೀಲಿ ನಡೆದವರು ದಯವಿಟ್ಟು ಹೇಳಿ.

ಶಿರಸಿ, ಬ್ಯಾಂಕಿನಿಂದ ನಿವೃತ್ತ

ತಮ್ಮಾ, ಕೋರ್ಟು ಆಮೇಲೆ. ಮೊದಲು ಪಾಸ್‌ಬುಕ್ ಒಂದು ವರ್ಷ ಹಿಂದಕ್ಕೆ ತಿರುವು. ಅಸೆಸ್‌ಮೆಂಟ್ ವರ್ಷ 2021-22 ಅಂದ್ರೆ ಹಣ ಬಂದ ವರ್ಷ 1 ಏಪ್ರಿಲ್ 2020ರಿಂದ 31 ಮಾರ್ಚ್ 2021. ಕೌಂಟರಿನಲ್ಲಿ ಕೂತಿದ್ದಾಗ ಈ ಒಂದು ಗೊಂದಲವನ್ನೇ ನೂರು ಜನಕ್ಕೆ ಬಿಡಿಸಿ ಹೇಳಿದ್ದೇನೆ. ತಪ್ಪು ವರ್ಷ ನೋಡಿ "ಈ ಹಣ ನನ್ನದಲ್ಲ" ಅಂತ ಬರೆದುಕೊಟ್ಟು ಸಿಕ್ಕಿಹಾಕಿಕೊಂಡವರೂ ಇದ್ದಾರೆ.

ಎರಡನೇದು, ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಮೇಲೆ ನಗದು ಬಿದ್ದರೆ ಬ್ಯಾಂಕ್ ಇಲಾಖೆಗೆ ವರದಿ ಕಳಿಸಲೇಬೇಕು. ಯಾರೋ ಚಾಡಿ ಹೇಳಿದ್ದಲ್ಲ, ಅಪ್ಪನಿಗೆ ಅಷ್ಟು ಸಮಾಧಾನ ಹೇಳು. ಖಾತೆ ಜಂಟಿಯೋ ಅಂತಲೂ ನೋಡು. ಜಂಟಿ ಆದರೆ ಬ್ಯಾಂಕ್ ಪಾಲು ಮಾಡಿ ವರದಿ ಮಾಡೋದಿಲ್ಲ, ಪೂರ್ತಿ ಮೊತ್ತ ಪ್ರತಿ ಖಾತೆದಾರನ ಹೆಸರಿಗೂ ಹೋಗುತ್ತೆ.

ನೋಟಿಸ್ ಅಸಲಿಯೋ ಅಂತ ಪರೀಕ್ಷೆ ಮಾಡೋದು ಮರೀಬೇಡ. ಮೇಲ್ಗಡೆ ಡಿಐಎನ್ ಅಂತ ಉದ್ದ ಸಂಖ್ಯೆ ಇರುತ್ತೆ, 2019ರ ಅಕ್ಟೋಬರಿನಿಂದ ಕಡ್ಡಾಯ. ಇ-ಫೈಲಿಂಗ್ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆಯೂ ಆ ಸಂಖ್ಯೆ ಹಾಕಿ ನೋಡಬಹುದು. ಇಮೇಲಿನಲ್ಲಿ ಬಂದ ಲಿಂಕ್ ಮಾತ್ರ ಒತ್ತಬೇಡ.

ಹುಬ್ಬಳ್ಳಿ, ಹಾರ್ಡ್‌ವೇರ್ ಅಂಗಡಿ

ಸರ್ರ, ನಂದು ಉದ್ದ ಐತಿ, ಚಾ ಇಟ್ಕೊಂಡು ಓದ್ರಿ.

2021ರ ಜೂನ್ 30ಕ್ಕ ನನಗ 148 ನೋಟಿಸ್, ಅಂದ್ರ ಕೇಸ್ ಮತ್ತ ತೆರೀತೀವಿ ಅನ್ನೋ ನೋಟಿಸ್ ಬಂತು. 2015-16ರ ಅಸೆಸ್‌ಮೆಂಟ್ ವರ್ಷದ್ದು. ಆದ್ರ ಅದೇ ವರ್ಷ ಏಪ್ರಿಲ್ 1ರಿಂದ ಕಾನೂನು ಬದಲಾಗಿತ್ತು. ಮೊದಲು 148ಎ ಪ್ರಕಾರ ಮಾಹಿತಿ ಕೊಟ್ಟು, ನಮ್ಮ ಮಾತು ಕೇಳಿ, ಆಮ್ಯಾಲೆ 148 ಕೊಡಬೇಕು. ನನಗ ಹಳೇ ಪದ್ಧತಿ ಪ್ರಕಾರ ಸೀದಾ 148 ಕೊಟ್ಟಿದ್ರು, ಕೋವಿಡ್ ಕಾಲದ ಸಡಿಲಿಕೆ ಕಾಯ್ದೆ ಐತಿ ಅಂತ. ನಮ್ಮ ವಕೀಲರು ಹೈಕೋರ್ಟಿನ ಧಾರವಾಡ ಪೀಠದಾಗ ರಿಟ್ ಅರ್ಜಿ ಹಾಕಿದ್ರು, ತಡೆ ಸಿಕ್ತು. ಮನ್ಯಾಗ ಪೇಢೆ ಹಂಚಿದ್ವಿ.

ಪೇಢೆ ಕರಗೋದ್ರಾಗ 2022ರ ಮೇ 4 ಬಂತು. ಸುಪ್ರೀಂ ಕೋರ್ಟು ಆಶಿಶ್ ಅಗರ್ವಾಲ್ ಪ್ರಕರಣದಾಗ ಹೇಳಿಬಿಡ್ತು: ದೇಶದಾಗಿನ ಇಂಥ ಸುಮಾರು 90,000 ನೋಟಿಸ್ ರದ್ದು ಮಾಡಂಗಿಲ್ಲ, ಅವನ್ನ 148ಎ(ಬಿ) ಷೋಕಾಸ್, ಅಂದ್ರ ಕೇಸ್ ಯಾಕ ತೆರೀಬಾರದು ಹೇಳ್ರಿ ಅನ್ನೋ ನೋಟಿಸ್ ಅಂತ ತಿಳ್ಕೊಳ್ರಿ, ಅಧಿಕಾರಿ 30 ದಿವಸದಾಗ ಮಾಹಿತಿ ಕೊಡಬೇಕು, ತೆರಿಗೆದಾರ ಎರಡು ವಾರದಾಗ ಉತ್ತರ ಕೊಡಬೇಕು. ಅಂದ್ರ ನಾ ಗೆದ್ದ ಆಟ ಮತ್ತ ಮೊದಲನೇ ಮನಿಗೆ. ಉತ್ತರ ಕೊಟ್ಟೆ. ಜುಲೈದಾಗ ಅದನ್ನ ತಳ್ಳಿಹಾಕಿ ಹೊಸಾ 148 ಬಂತು. ಮತ್ತ ರಿಟ್. ಮತ್ತ ತಡೆ. ಈ ಸಲ ಪೇಢೆ ಇಲ್ಲ.

ಕಡೀಗೆ 2024ರ ಅಕ್ಟೋಬರ್ 3ಕ್ಕ ಸುಪ್ರೀಂ ಕೋರ್ಟಿನ್ಯಾಗ ರಾಜೀವ್ ಬನ್ಸಲ್ ತೀರ್ಪು ಬಂತು. ಅದ್ರಾಗ ಇಲಾಖೆ ವಕೀಲರೇ ಒಪ್ಕೊಂಡಿದ್ರು: 2015-16ರ ವರ್ಷಕ್ಕ 2021ರ ಏಪ್ರಿಲ್ 1ರ ನಂತರ ಕೊಟ್ಟ ನೋಟಿಸ್ ಎಲ್ಲಾ ಕೈಬಿಡಬೇಕಾಗ್ತದ ಅಂತ. ನಂದು ಅದೇ ವರ್ಷ! ಈ ಜನವರಿದಾಗ ನನ್ನ ಕೇಸೂ ರದ್ದಾತು.

ಗೆದ್ದೆ ಖರೆ. ಆದ್ರ ಒಂದು ಮಾತು ಕೇಳ್ರಿ. ಮೂರೂವರೆ ವರ್ಷದಾಗ ನನ್ನ ಖಾತೆ-ಕಿರ್ದಿ ಪುಸ್ತಕ ಕೋರ್ಟಿನ್ಯಾಗ ಒಬ್ಬರೂ ತೆರೀಲಿಲ್ಲ. ನಾ ಪ್ರತೀ ಸಲ ಚೀಲದಾಗ ಹೊತ್ಕೊಂಡು ಹೋಗ್ತಿದ್ದೆ, ವಕೀಲರು ನಕ್ಕೋತ "ಅದನ್ನ ಅಂಗಡ್ಯಾಗ ಇಟ್ಟು ಬರ್ರಿ" ಅಂತಿದ್ರು. ನೋಡಿದ್ದು ಬರೇ ತಾರೀಕು. ನಾ ಗೆದ್ದಿದ್ದು ಕ್ಯಾಲೆಂಡರಿನಿಂದ. ವಕೀಲರು, ಸಿಎ ಕೂಡಿ ಖರ್ಚು ಒಂದು ಲಕ್ಷ ದಾಟಿತು. ನಿಮ್ಮ ತಾರೀಕು ಹೆಂಗದಾವು, ಮೊದಲು ಅದನ್ನ ನೋಡಿಸ್ರಿ.

ಕೇಳಿದವರು

ಶಿರಸಿಯ ಹಿರಿಯರಿಗೆ ಅಡ್ಡ ಬೀಳಬೇಕು. ಹಳೇ ಪಾಸ್‌ಬುಕ್ ತರಿಸಿ ನೋಡಿದೆ. 2020ರ ನವೆಂಬರಿನಿಂದ 2021ರ ಮಾರ್ಚ್‌ವರೆಗೆ ಹನ್ನೊಂದು ಸಲ ನಗದು ಜಮಾ, ಕೂಡಿದರೆ ಕರೆಕ್ಟಾಗಿ 18.60 ಲಕ್ಷ. ಖಾತೆ ಅಪ್ಪ ಮತ್ತು ಚಿಕ್ಕಪ್ಪ ಇಬ್ಬರ ಹೆಸರಲ್ಲಿದೆ. ತೋಟ ಪಾಲಾಗಿದ್ದರೂ ಅಡಿಕೆ ಒಟ್ಟಿಗೇ ಬೇಯಿಸಿ, ಒಟ್ಟಿಗೇ ಮಂಡಿಗೆ ಹಾಕ್ತಾರೆ. ಅಪ್ಪ ಒಂದು ಕಬ್ಬಿಣದ ಟ್ರಂಕ್ ತೋರಿಸಿದರು. ಅದರಲ್ಲಿ 1998ರಿಂದ ಈಚಿನ ಮಂಡಿ ಪಟ್ಟಿಗಳು (ಅಡಿಕೆ ಮಾರಿದ ಬಿಲ್‌ಗಳು), ವರ್ಷಕ್ಕೊಂದು ಕಟ್ಟು, ಬಾಳೆನಾರಿನಲ್ಲಿ ಕಟ್ಟಿದ್ದು!

ಬೆಂಗಳೂರು, ತೆರಿಗೆ ವಕೀಲ

ಆ ಟ್ರಂಕ್ ಇರುವವರು ಹೈಕೋರ್ಟಿಗೆ ಓಡುವ ಅಗತ್ಯ ಇಲ್ಲ ಅಂತ ಮೊದಲೇ ಹೇಳಿಬಿಡ್ತೇನೆ. ಕಾರಣ ಸ್ವಲ್ಪ ಬಿಡಿಸಿ ಬರೀತೇನೆ, ಯಾಕಂದ್ರೆ ನಿಮ್ಮ ಸಹೋದ್ಯೋಗಿ ಕೊಟ್ಟ ಸಲಹೆ ವಾರಕ್ಕೆ ಇಬ್ಬರ ಬಾಯಲ್ಲಾದರೂ ಕೇಳ್ತೇನೆ.

"ರೀಸನ್ಸ್ ಕೇಳು" ಅನ್ನೋದು 2002ರ ಜಿಕೆಎನ್ ಡ್ರೈವ್‌ಶಾಫ್ಟ್ಸ್ ತೀರ್ಪಿನ ದಾರಿ. ನೋಟಿಸ್ ಬಂದರೆ ರಿಟರ್ನ್ ಹಾಕಿ, ಕಾರಣ ಕೇಳಿ, ಆಕ್ಷೇಪಣೆ ಸಲ್ಲಿಸಿ, ಅಧಿಕಾರಿ ಅದಕ್ಕೆ ಕಾರಣಸಹಿತ ಆದೇಶ ಕೊಡಬೇಕು. ಒಳ್ಳೆಯ ತೀರ್ಪೇ, ಆದರೆ ಹಳೆಯ ಕಾನೂನಿನದ್ದು. 2021ರ ಏಪ್ರಿಲಿನಿಂದ ಆ ಆಕ್ಷೇಪಣೆಯ ಹಂತವನ್ನು ಶಾಸನವೇ 148 ನೋಟಿಸಿಗೂ ಮುಂಚೆ ತಂದಿಟ್ಟಿದೆ, ಅದೇ 148ಎ. 2024ರ ಸೆಪ್ಟೆಂಬರ್ 1ರಿಂದ ಅದನ್ನು ಮತ್ತೆ ತಿದ್ದಿದ್ದಾರೆ. ಷೋಕಾಸ್ ಜೊತೆಗೇ ಇಲಾಖೆಯ ಬಳಿ ಇರುವ ಮಾಹಿತಿಯನ್ನೂ ಲಗತ್ತಿಸಬೇಕು. ನಿಮ್ಮ ನೋಟಿಸಿಗೆ ಲಗತ್ತು ಇದೆಯೋ ನೋಡಿ. ಇಲ್ಲದಿದ್ದರೆ ಇವತ್ತೇ ಪೋರ್ಟಲಿನಲ್ಲಿ "ಮಾಹಿತಿಯ ಪ್ರತಿ ಕೊಡಿ, ಉತ್ತರಕ್ಕೆ ಕಾಲಾವಕಾಶ ಕೊಡಿ" ಅಂತ ಹಾಕಿ. ಫೋನಿನಲ್ಲಿ ಕೇಳಿದ್ದು, ಕಚೇರಿಗೆ ಹೋಗಿ ಕೈಮುಗಿದದ್ದು ಯಾವುದೂ ನಾಳೆ ದಾಖಲೆಯಲ್ಲಿ ಇರೋದಿಲ್ಲ.

ಹುಬ್ಬಳ್ಳಿಯವರ ಕ್ಯಾಲೆಂಡರ್ ನಿಮಗೆ ಒದಗೋದಿಲ್ಲ. ಈಗಿನ ಲೆಕ್ಕದಲ್ಲಿ ಷೋಕಾಸ್‌ಗೆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಮೂರು ವರ್ಷ, 148 ನೋಟಿಸಿಗೆ ಅದರ ಮೇಲೆ ಮೂರು ತಿಂಗಳು. ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಹೆಚ್ಚಿದ್ದರೆ ಮಾತ್ರ ಐದು ವರ್ಷ, ಐದೂ ಕಾಲು ವರ್ಷ. ನಿಮ್ಮದಕ್ಕೆ ಷೋಕಾಸ್ ಗಡುವು 31 ಮಾರ್ಚ್ 2025, ನೋಟಿಸ್ 26ಕ್ಕೇ ಬಂದಿದೆ. ಐದು ದಿನ ಉಳಿಸಿಕೊಂಡು ಕಳಿಸಿದ್ದಾರೆ! 148 ಕೊಡುವುದಾದರೆ ಜೂನ್ 30ರೊಳಗೆ ಕೊಡಬೇಕು. ಅದರ ಹಿಂದಿನ ಆದೇಶಕ್ಕೆ ಜಂಟಿ ಅಥವಾ ಅಪರ ಆಯುಕ್ತರ ಮಟ್ಟದ ಅನುಮೋದನೆ ಇರಬೇಕು. ಆದೇಶ ಬಂದರೆ ಆ ಹೆಸರು, ತಾರೀಕು ನೋಡಿಕೊಳ್ಳಿ.

ಈಗ ಕೋರ್ಟಿನ ವಿಷಯ. 1960ರಲ್ಲೇ ಕಲ್ಕತ್ತಾ ಡಿಸ್ಕೌಂಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಅಧಿಕಾರವೇ ಇಲ್ಲದೆ ಕೇಸ್ ತೆರೆದರೆ ಹೈಕೋರ್ಟ್ ನೋಟಿಸಿನ ಹಂತದಲ್ಲೇ ತಡೆಯಬಹುದು ಅಂದಿದೆ. ಇತ್ತ 2013ರ ಛಬಿಲ್ ದಾಸ್ ಅಗರ್ವಾಲ್ ತೀರ್ಪು, ಕಾಯ್ದೆಯಲ್ಲೇ ಮೇಲ್ಮನವಿ ಇರುವಾಗ ಅದನ್ನು ದಾಟಿ ರಿಟ್‌ಗೆ ಬರಬೇಡಿ ಅನ್ನುತ್ತೆ. ಪ್ರತಿ ಕೇಸಿನಲ್ಲೂ ನಾವು ಮೊದಲನೆಯದನ್ನು ಓದ್ತೇವೆ, ಎದುರಿನವರು ಎರಡನೆಯದನ್ನು ಓದ್ತಾರೆ. ನ್ಯಾಯಮೂರ್ತಿಗಳು ಎರಡನ್ನೂ ಸಾವಿರ ಸಲ ಕೇಳಿರ್ತಾರೆ. ಅವರು ನೋಡೋದು ಇಷ್ಟು: ಗಡುವು ಮೀರಿದೆಯಾ, ಮಾಹಿತಿ ಕೊಟ್ಟಿದ್ದಾರಾ, ಉತ್ತರಕ್ಕೆ ಸಮಯ ಕೊಟ್ಟರಾ, ಕೊಟ್ಟ ಉತ್ತರವನ್ನು ಓದಿ ಆದೇಶ ಬರೆದಿದ್ದಾರಾ, ಅನುಮೋದನೆ ಸರಿಯಾದವರದ್ದಾ. ಇದರಲ್ಲಿ ತಪ್ಪಿದ್ದರೆ ರದ್ದು ಮಾಡ್ತಾರೆ. ಗಡುವಿನ ತಪ್ಪಾದರೆ ಕೇಸ್ ಅಲ್ಲಿಗೇ ಮುಗೀತು. ಉಳಿದವುಗಳಲ್ಲಿ ಬಹಳ ಸಲ "ಮತ್ತೊಮ್ಮೆ ಸರಿಯಾಗಿ ಮಾಡಿ" ಅಂತ ಅದೇ ಮೇಜಿಗೆ ವಾಪಸ್. 18.60 ಲಕ್ಷದಲ್ಲಿ ಎಷ್ಟು ಅಡಿಕೆಯದ್ದು ಅಂತ ಮಂಡಿ ಪಟ್ಟಿ ಎಣಿಸಲು ರಿಟ್ ನ್ಯಾಯಾಲಯ ಕೂರೋದಿಲ್ಲ.

2010ರ ಕೆಲ್ವಿನೇಟರ್ ತೀರ್ಪನ್ನೂ ಯಾರಾದರೂ ಕಳಿಸಬಹುದು, ಅಭಿಪ್ರಾಯ ಬದಲಾಯಿತು ಅಂತ ಕೇಸ್ ತೆರೆಯುವಂತಿಲ್ಲ ಅನ್ನೋದು. ಮೊದಲೊಂದು ಸಲ ಅಸೆಸ್‌ಮೆಂಟ್ ಆಗಿದ್ದವರಿಗೆ ಅದು ಬ್ರಹ್ಮಾಸ್ತ್ರ. ನಿಮ್ಮಪ್ಪ ರಿಟರ್ನೇ ಹಾಕಿಲ್ಲ, ಬದಲಾಯಿಸಲು ಅಭಿಪ್ರಾಯವಾದರೂ ಎಲ್ಲಿತ್ತು? ನೋಟಿಸ್ ಸ್ಥಳೀಯ ಅಧಿಕಾರಿ ಕೊಡಬೇಕೋ ಫೇಸ್‌ಲೆಸ್, ಅಂದ್ರೆ ಮುಖಾಮುಖಿ ಇಲ್ಲದ ಆನ್‌ಲೈನ್ ವ್ಯವಸ್ಥೆ ಕೊಡಬೇಕೋ ಎಂಬ ತಕರಾರೂ ಇದೆ. ತೆಲಂಗಾಣ, ಬಾಂಬೆ ಹೈಕೋರ್ಟ್‌ಗಳು ಒಂದು ಹೇಳಿವೆ, ದೆಹಲಿ ಇನ್ನೊಂದು. ಅದೊಂದನ್ನೇ ನಂಬಿಕೊಂಡು ಸುಮ್ಮನಿರಬೇಡಿ.

ಉತ್ತರ ಯಾಕೆ ಮುಖ್ಯ ಅಂದ್ರೆ, ಮೂಲ ತೋರಿಸದ ನಗದನ್ನು 69ಎ ಅಡಿ ಸೇರಿಸಿದರೆ ಆ ವರ್ಷದ ದರ 60%, ಅದರ ಮೇಲೆ 25% ಸರ್ಚಾರ್ಜ್, 4% ಸೆಸ್. ಒಟ್ಟು 78%. ನಿಮ್ಮ ಲೆಕ್ಕಕ್ಕೆ ಹದಿನಾಲ್ಕೂವರೆ ಲಕ್ಷ, ಬಡ್ಡಿ ಬೇರೆ. ಅದೇ ಹಣ ಕೃಷಿ ಆದಾಯ ಅಂತ ತೋರಿಸಿದರೆ ತೆರಿಗೆ ಸೊನ್ನೆ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರಿದ್ದೂ ಕೃಷಿ ಆದಾಯವೇ. ಬೆಳೆಗಾರ ಸಾಮಾನ್ಯವಾಗಿ ಮಾಡುವ ಸಂಸ್ಕರಣೆಯನ್ನು ಕಾಯ್ದೆ ಹೊರಗಿಟ್ಟಿಲ್ಲ.

ಒಂದು ಎಚ್ಚರಿಕೆ. ಪಟ್ಟಿಗಳನ್ನು ಸ್ಕ್ಯಾನ್ ಮಾಡುವ ಮುಂಚೆ ಒಬ್ಬ ಸಿಎ ಕೈಗೆ ಕೊಡಿ. ಒಂದೇ ದಿನ ಒಬ್ಬನಿಂದ 2 ಲಕ್ಷ ಅಥವಾ ಮೇಲೆ ನಗದು ಪಡೆದದ್ದಿದ್ದರೆ 269ಎಸ್‌ಟಿ ಅನ್ನೋ ಬೇರೆ ಹುತ್ತ ಇದೆ, ಪಡೆದಷ್ಟೇ ಮೊತ್ತದ ದಂಡ. ಮುಚ್ಚಿಡಿ ಅಂತಿಲ್ಲ. ಏನು ಬರೀತಿದ್ದೀರಿ ಅಂತ ಗೊತ್ತಿದ್ದು ಬರೆಯಿರಿ.

ಮೈಸೂರು, ಗೃಹಿಣಿ

ಇವರ ಪ್ರಶ್ನೆಗೆ ನೇರ ಉತ್ತರ ಅಲ್ಲ. ಆದರೆ "ಹೈಕೋರ್ಟಿಗೆ ಯಾವಾಗ ಹೋಗಬೇಕು" ಅನ್ನೋದಕ್ಕೆ ನಮ್ಮನೆ ಕಥೆಯೇ ಉದಾಹರಣೆ, ಅದಕ್ಕೆ ಬರೀತಿದ್ದೀನಿ.

ನಮ್ಮ ಯಜಮಾನರು 2021ರ ಮೇ ತಿಂಗಳಲ್ಲಿ ಹೋಗಿಬಿಟ್ರು. ಅವರ ಫೋನನ್ನ ಬೀರುವಿನ ಡ್ರಾಯರ್‌ನಲ್ಲಿಟ್ಟೆ. ಆರು ತಿಂಗಳು ರೀಚಾರ್ಜ್ ಮಾಡಿಸಿದೆ, ಯಾಕೆ ಅಂತ ನನಗೂ ಗೊತ್ತಿಲ್ಲ, ಆಮೇಲೆ ಬಿಟ್ಟೆ. 2022ರ ಮಾರ್ಚ್‌ನಲ್ಲಿ ಅವರ ಹೆಸರಿಗೆ ನೋಟಿಸ್ ಹೋಗಿದೆ, ಅವರ ಇಮೇಲಿಗೆ. 2018-19ರ ಅಸೆಸ್‌ಮೆಂಟ್ ವರ್ಷ, ಸ್ವಯಂ ನಿವೃತ್ತಿ ಹಣವನ್ನ ಠೇವಣಿ ಇಟ್ಟಿದ್ದರ ಬಗ್ಗೆ. ಯಾರು ನೋಡ್ಬೇಕು? ಉತ್ತರ ಇಲ್ಲ ಅಂತ ಏಕಪಕ್ಷೀಯವಾಗಿ ಆದೇಶ ಮಾಡಿದ್ದಾರೆ. ನನಗೆ ಗೊತ್ತಾಗಿದ್ದು 2023ರ ಆಗಸ್ಟಿನಲ್ಲಿ, ಮಗಳ ಕಾಲೇಜು ಫೀಸ್ ಕಟ್ಟೋಕೆ ಚೆಕ್ ಕೊಟ್ಟಾಗ. ಜಂಟಿ ಖಾತೆಗೆ ತಡೆ ಬಿದ್ದಿತ್ತು.

ಬೆಂಗಳೂರಲ್ಲಿ ರಿಟ್ ಹಾಕಿದ್ವಿ. ಸತ್ತಿದ್ದನ್ನ ಮನೆಯವರು ತಿಳಿಸಿರಲಿಲ್ಲ ಅಂತ ಆ ಕಡೆ ವಕೀಲರು ವಾದ ಮಾಡಿದ್ರು. ತಿಳಿಸಲೇಬೇಕು ಅಂತ ಕಾಯ್ದೆಯಲ್ಲಿ ವಾರಸುದಾರರ ಮೇಲೆ ಹೊಣೆ ಹಾಕಿಲ್ಲ ಅಂತ ನಮ್ಮ ವಕೀಲರು 2020ರ ದೆಹಲಿ ಹೈಕೋರ್ಟ್ ತೀರ್ಪು ತೋರಿಸಿದ್ರು. ತೀರಿಕೊಂಡವರ ಹೆಸರಿನ ನೋಟಿಸ್ ನಿಲ್ಲೋದಿಲ್ಲ ಅಂತ ಎಲ್ಲಾ ರದ್ದಾಯ್ತು. ಕಾನೂನು ಪ್ರಕಾರ ಗಡುವಿದ್ದರೆ ವಾರಸುದಾರರಿಗೆ ನೋಟಿಸ್ ಕೊಡಬಹುದು ಅಂತ ಬರೆದಿದ್ದರು, ಅಷ್ಟರಲ್ಲಿ ಗಡುವೇ ಮುಗಿದಿತ್ತು. ನನ್ನ ಕೇಸು ಒಂದೇ ದಿನ, ಹತ್ತು ನಿಮಿಷ ನಡೀತು. ಅಲ್ಲೀತನಕ ಹೋಗೋಕೆ ಏಳು ತಿಂಗಳು.

ಯಾರ ಮನೆಯಲ್ಲಾದ್ರೂ ಹೀಗಾಗಿದ್ರೆ ಪೋರ್ಟಲಿನಲ್ಲಿ ವಾರಸುದಾರರು ಅಂತ ನೋಂದಣಿ ಮಾಡಿಸಿಕೊಳ್ಳಿ. ಅವರ ಇಮೇಲನ್ನೂ ತಿಂಗಳಿಗೊಮ್ಮೆ ತೆಗೆದು ನೋಡಿ. ಕಷ್ಟ ಆಗುತ್ತೆ, ಆದ್ರೂ ನೋಡಿ.

ಮಸ್ಕತ್, ಊರು ಮಂಗಳೂರು

ನನ್ನದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಊರಿನಲ್ಲಿ 62 ಲಕ್ಷದ ಫ್ಲ್ಯಾಟ್ ತೆಗೊಂಡಿದ್ದೆ. 30 ಲಕ್ಷ ಮೇಲಿನ ನೋಂದಣಿ ಎಲ್ಲ ವರದಿ ಆಗುತ್ತದಲ್ವಾ, ಭಾರತದಲ್ಲಿ ರಿಟರ್ನ್ ಇಲ್ಲದ ಕಾರಣ 2023ರ ಮಾರ್ಚಲ್ಲಿ ಷೋಕಾಸ್ ಬಂತು. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯ ಸ್ಟೇಟ್‌ಮೆಂಟ್, ಸಂಬಳದ ಪತ್ರ, ಪಾಸ್‌ಪೋರ್ಟಿನ ಮೊಹರು ಇರುವ ಪುಟಗಳು, ಜೊತೆಗೆ ಒಂದು ಪುಟದ ಕಾಗದ ಹಾಕಿದೆ. "148 ನೋಟಿಸ್ ಕೊಡಲು ಯೋಗ್ಯ ಪ್ರಕರಣ ಅಲ್ಲ" ಎಂದು ಆದೇಶ ಬಂತು, ಅಲ್ಲಿಗೆ ಮುಗಿಯಿತು. ಇಂಥ ಆದೇಶವೂ ಬರುತ್ತದೆ ಮಾರಾಯ್ರೆ, ಬರೀ ಹೆದರಿಸುವವರ ಮಾತೇ ಕೇಳಬೇಡಿ.

ಮೂಡಿಗೆರೆ, ಕಾಫಿ

ಎಲ್ಲರೂ ಗೆದ್ದ ಕಥೆ ಹೇಳ್ತಿದ್ದೀರಿ, ಸೋತವನದ್ದೂ ಒಂದಿರಲಿ.

ನಾನೂ "ಕೃಷಿ ಆದಾಯ, ನನ್ನನ್ನ ಯಾರು ಕೇಳೋರು" ಅಂತ ಷೋಕಾಸ್‌ಗೆ ಎರಡೇ ಸಾಲು ಉತ್ತರ ಬರೆದೆ. ದಾಖಲೆ ಒಂದೂ ಹಾಕಲಿಲ್ಲ. ಅಹಂಕಾರ ಅನ್ನಿ. 148 ಬಂತು, ಆದೇಶವೂ ಆಯ್ತು. ಆದೇಶದ ಮೇಲೆ ಸೀದಾ ರಿಟ್ ಹಾಕಿದೆ. ನಿಮ್ಮ ಉತ್ತರದಲ್ಲಿ ಪರಿಗಣಿಸುವಂಥದ್ದು ಏನಿತ್ತು ಅಂತ ಕೋರ್ಟಿನಲ್ಲಿ ಕೇಳಿದಾಗ ನಮ್ಮ ವಕೀಲರ ಬಾಯಿ ಕಟ್ಟಿತು. ಮೇಲ್ಮನವಿಗೆ ಹೋಗಿ ಅಂತ ಕಳಿಸಿದ್ರು. ಆದೇಶದಿಂದ 30 ದಿನದಲ್ಲಿ ಫಾರಂ 35 ಹಾಕಬೇಕಿತ್ತು, ರಿಟ್ ನೆಚ್ಚಿಕೊಂಡು ನಾಲ್ಕು ತಿಂಗಳು ಕಳೆದಿದ್ದೆ. ವಿಳಂಬ ಮನ್ನಾ ಅರ್ಜಿ, ಅದಕ್ಕೊಂದು ಅಫಿಡವಿಟ್. ವಸೂಲಿಗೆ ತಡೆ ಬೇಕಂದ್ರೆ ಸಾಮಾನ್ಯವಾಗಿ ಬೇಡಿಕೆಯ 20% ಕಟ್ಟಿ ಅಂತಾರೆ, ಕಟ್ಟಿದೆ.

ಎಲ್ಲಕ್ಕಿಂತ ದೊಡ್ಡದು, ನಾನು ಹೇಳಿದ್ದೇ ಪೂರ್ತಿ ಸರಿ ಇರಲಿಲ್ಲ. ಒಂದಷ್ಟು ಕಾಫಿಯನ್ನ ನಾನೇ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರಿದ್ದೆ. ಅಂಥದ್ದರ ಲಾಭದಲ್ಲಿ 40% ವ್ಯಾಪಾರದ ಆದಾಯ ಅಂತ ನಿಯಮ 7ಬಿ ಇದೆ. ಹಸಿ ಕಾಫಿ ಮಾರಿದ್ದಕ್ಕೆ ಈ ತಾಪತ್ರಯ ಇಲ್ಲ. ಮೇಲ್ಮನವಿಯಲ್ಲಿ ಕೃಷಿ ಭಾಗ ಬಿಟ್ಟರು, ಪುಡಿಯ ಭಾಗಕ್ಕೆ ತೆರಿಗೆ ಕಟ್ಟಿದೆ. ಮೊದಲ ದಿನವೇ ಹಾಗೆ ಬರೆದಿದ್ದರೆ ಇಷ್ಟೆಲ್ಲ ಇರಲಿಲ್ಲ ಅಂತ ನಮ್ಮ ಮನೆಯವರು ಈಗಲೂ ಕಾಫಿ ಕೊಡುವಾಗ ನೆನಪಿಸ್ತಾರೆ.

ಕೇಳಿದವರು (10 ಏಪ್ರಿಲ್)

ನಿನ್ನೆ ಉತ್ತರ ಹಾಕಿದೆವು. ಮೂಡಿಗೆರೆಯವರ ಬರಹವನ್ನ ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಯುಗಾದಿ ರಜೆಗೆ ಊರಿಗೆ ಹೋದವನು ಹಬ್ಬದ ಮರುದಿನದಿಂದ ಜಗಲಿಯಲ್ಲಿ ಕೂತು ಪಟ್ಟಿ ಜೋಡಿಸಿದ್ದೇ ಕೆಲಸ. ಒಂದೊಂದು ಜಮಾದ ಎದುರಿಗೆ ಯಾವ ಪಟ್ಟಿ, ಎಷ್ಟು ಕ್ವಿಂಟಲ್, ಯಾವ ಬಗೆಯ ಅಡಿಕೆ, ರಾಶಿಯೋ ಬೆಟ್ಟೆಯೋ ಗೊರಬಲೋ. 2021ರ ಜನವರಿ 11ರ 2.40 ಲಕ್ಷ ಜಮಾಕ್ಕೆ 7 ಮತ್ತು 9ನೇ ತಾರೀಕಿನ ಎರಡು ಪಟ್ಟಿ ಸೇರಿಸಿದರೆ 2.46 ಲಕ್ಷ. ಉಳಿದ ಆರು ಸಾವಿರ ಏನಾಯ್ತು ಅಂದೆ. "ಅಡಿಕೆ ಕೊನೆ ತೆಗೆಯುವವನಿಗೆ ಕೊಟ್ಟಿದ್ದು" ಅಂತ ಒಂದು ಕ್ಷಣವೂ ಯೋಚಿಸದೆ ಹೇಳಿದರು! ಎರಡು ಜಮಾಕ್ಕೆ ಮಾತ್ರ ಪಟ್ಟಿ ಸಿಗಲಿಲ್ಲ, ಸುಮಾರು 2.10 ಲಕ್ಷ. ಆ ಸಲ ಮನೆಗೇ ಬಂದ ವ್ಯಾಪಾರಿಗೆ ಚೀಟಿ ಇಲ್ಲದೆ ಕೊಟ್ಟಿದ್ದಂತೆ. ಅದನ್ನ ಇದ್ದ ಹಾಗೇ ಬರೆದೆವು. 2 ಲಕ್ಷ ಮೀರಿದ ನಗದು ಪಾವತಿ ಯಾವ ಪಟ್ಟಿಯಲ್ಲೂ ಇಲ್ಲ ಅಂತ ಸಿಎ ನೋಡಿ ಹೇಳಿದರು.

ಇಬ್ಬರ ಪಹಣಿ, ಬೆಳೆ ಕಾಲಂ ಸಮೇತ. ಅರ್ಧ ಹಣ ತನ್ನದು ಅಂತ ಚಿಕ್ಕಪ್ಪನ ಅಫಿಡವಿಟ್. ಪಟ್ಟಿಗಳು. ಒಂದು ಪುಟದ ಕೋಷ್ಟಕ. ಪೋರ್ಟಲಿನಲ್ಲಿ ಸಲ್ಲಿಸಿದ್ದಕ್ಕೆ ಬಂದ ಸ್ವೀಕೃತಿಯನ್ನ ಪ್ರಿಂಟ್ ತೆಗೆದಿಟ್ಟಿದ್ದೇನೆ.

ಕೇಳಿದವರು (4 ಜುಲೈ)

ಮಸ್ಕತ್‌ನವರ ಅದೃಷ್ಟ ನಮಗಿರಲಿಲ್ಲ. ಜೂನ್ 24ಕ್ಕೆ ಕೇಸ್ ತೆರೆಯಬಹುದು ಅನ್ನೋ 148ಎ(3) ಆದೇಶ, 27ಕ್ಕೆ 148 ನೋಟಿಸ್. ಗಡುವಿಗೆ ಮೂರು ದಿನ ಮುಂಚೆ. ಆದೇಶ ಎರಡೂವರೆ ಪುಟ, ಅದರಲ್ಲಿ ಎರಡು ಪುಟ ಕಾಯ್ದೆಯ ನಕಲು. ನಮ್ಮ ಉತ್ತರದ ಬಗ್ಗೆ ಇರೋದು ಒಂದೇ ವಾಕ್ಯ, ಪರಿಶೀಲಿಸಲಾಗಿದೆ, ಸಮಾಧಾನಕರವಾಗಿಲ್ಲ. ಚಿಕ್ಕಪ್ಪನ ಅಫಿಡವಿಟ್ ಸುದ್ದಿಯೇ ಇಲ್ಲ. ಈಗ ರಿಟ್ ಹಾಕಬಹುದಾ?

ಬೆಂಗಳೂರು, ತೆರಿಗೆ ವಕೀಲ

ಹಾಕಬಹುದು, ಆಧಾರ ಇದೆ. ಕೊಟ್ಟ ಉತ್ತರವನ್ನು ಚರ್ಚಿಸದ ಆದೇಶಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿವೆ. ಆದರೆ ಸಿಗುವುದೇನು ಅಂತ ಯೋಚಿಸಿ. ಹೆಚ್ಚಾಗಿ "ಉತ್ತರ ಪರಿಗಣಿಸಿ ಹೊಸ ಆದೇಶ ಮಾಡಿ" ಅಂತ ಬರುತ್ತೆ, ಮತ್ತದೇ ಕಚೇರಿ. ಕೈಯಲ್ಲಿ ದಾಖಲೆ ಇಲ್ಲದವರಿಗೆ ಆ ವಿಳಂಬವೇ ಲಾಭ. ನಿಮ್ಮಲ್ಲಿ ದಾಖಲೆ ಇದೆ. ನಾನಾದರೆ 148ಕ್ಕೆ ರಿಟರ್ನ್ ಹಾಕಿ, 148ಎ ಆದೇಶಕ್ಕೆ ನಮ್ಮ ಆಕ್ಷೇಪಣೆ ಇದ್ದೇ ಇದೆ ಅಂತ ಜೊತೆಗೊಂದು ಪತ್ರ ಇಟ್ಟು ಮುಂದೆ ಹೋಗ್ತೇನೆ. ಕೃಷಿ ಆದಾಯ 5,000 ಮೀರಿದೆ, ಹಾಗಾಗಿ ರಿಟರ್ನ್ ಫಾರಂ ಐಟಿಆರ್-1 ಆಗೋದಿಲ್ಲ, ಐಟಿಆರ್-2 ಹಾಕಿ. ಇನ್ನು ಮುಂದೆ ವಿಚಾರಣೆ ಫೇಸ್‌ಲೆಸ್. ಮೊತ್ತ ಸೇರಿಸುವ ಪ್ರಸ್ತಾಪದ ಷೋಕಾಸ್ ಬಂದರೆ ವಿಡಿಯೋ ಮೂಲಕ ವಿಚಾರಣೆ ಕೇಳಿ. ಕೇಳಿದರೆ ಕೊಡಲೇಬೇಕು, ಕೇಳದಿದ್ದರೆ ಕೊಡೋದಿಲ್ಲ. ಆದೇಶಕ್ಕೆ ಅವರಿಗೆ 31 ಮಾರ್ಚ್ 2027ರವರೆಗೆ ಸಮಯ ಇದೆ.

ಹುಬ್ಬಳ್ಳಿ, ಹಾರ್ಡ್‌ವೇರ್ ಅಂಗಡಿ

ವಕೀಲ ಸಾಹೇಬ್ರ ಮಾತಿಗೆ ಎದುರಾಡೋದಿಲ್ಲ. ಆದ್ರ ನಾ ಆಗಿದ್ರ ಹೋಗೇ ಬಿಡ್ತಿದ್ದೆ. ಅಫಿಡವಿಟ್ ಕೊಟ್ಟದ್ದನ್ನ ಓದಂಗಿಲ್ಲ ಅಂದ್ರ ಕೇಳಿದ್ಯಾಕ? ಆದ್ರ ನನಗ ಆಗ ಟ್ರಂಕ್ ಇರಲಿಲ್ರಿ.

ಕೇಳಿದವರು (6 ಸೆಪ್ಟೆಂಬರ್)

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಚಿಕ್ಕಪ್ಪ ಹುಬ್ಬಳ್ಳಿಯವರ ಕಡೆ, ಅಪ್ಪ ವಕೀಲರ ಕಡೆ. ರಿಟರ್ನ್ ಹಾಕಿದ್ದೇವೆ, ಚೀಟಿ ಇಲ್ಲದ 2.10 ಲಕ್ಷ ಯಾವ ಬಾಬ್ತು ಅನ್ನೋ ವಿವರಣೆ ಸಮೇತ, ಆಕ್ಷೇಪಣೆ ಪತ್ರ ಸಮೇತ. ಇನ್ನು ಕಾಯೋದು. ಅಪ್ಪನ ಊಟ, ನಿದ್ದೆ ಸರಿಯಾಗಿದೆ. ಈಗ ಅವರ ತಕರಾರು ಬೇರೆ. ಸ್ಕ್ಯಾನ್ ಮಾಡೋಕೆ ಅಂತ ಆ ವರ್ಷದ ಕಟ್ಟು ಬಿಚ್ಚಿದವನು ತಾರೀಕಿನ ಪ್ರಕಾರ ಜೋಡಿಸದೆ ಹಾಗೇ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನಂತೆ. ಈ ಶನಿವಾರ ಊರಿಗೆ ಹೋಗಿ ಜೋಡಿಸಿಕೊಡಬೇಕು. ಬಾಳೆನಾರು ಅವರೇ ತೆಗೆದಿಟ್ಟಿದ್ದಾರೆ.